ಮುಲ್ಕಮೈದಾನ ತೋಪಿಗೆ 150 ರೂಪಾಯಿ, ನಮ್ಮ ಮುತ್ಯಾನ ಬಿಲ್ಲೆಗೆ ಒಂದು ಸ್ಟೀಲ್ ಕೊಡ



ಸ್ವಲ್ಪ ಉದ್ದ ಆಗ್ತದ, ಪುರುಸೊತ್ತು ಮಾಡ್ಕೊಂಡು ಓದ್ರಿ. ಓದಿ ಲೈಕ್ ಒತ್ತಿ ಹೋಗಬ್ಯಾಡ್ರಿ. ಕೊನೆಗೆ ಒಂದು ಕೆಲಸ ಕೇಳೀನಿ.

ಹದಿನೈದು ದಿನದ ಹಿಂದೆ ತಿಕೋಟಾದ ಒಬ್ಬ ಹುಡುಗ ರಾತ್ರಿ ಹತ್ತಕ್ಕೆ ವಾಟ್ಸಾಪಿಗೆ ಒಂದು ಫೋಟೊ ಕಳಿಸಿದ. ಹಳೇ ವಸ್ತುಗಳನ್ನು ಆನ್‌ಲೈನ್‌ನಲ್ಲಿ ಹರಾಜು ಹಾಕುವ ಒಂದು ಕಡೆಯಿಂದ ತೆಗೆದ ಸ್ಕ್ರೀನ್‌ಶಾಟ್. ಅಂಗೈ ಅಗಲದ ಹಿತ್ತಾಳೆ ಬಿಲ್ಲೆ. ಬೆಲ್ಟಿಗೆ ಸಿಗಿಸಲು ಎರಡು ಕಡೆ ಸೀಳು. ಅಕ್ಷರ ಸವೆದಿದ್ದವು, ಆದರೂ 'ವಿಜಾಪುರ' ಅಂತ ಓದಲು ಬರ್ತಿತ್ತು. ಕೆಳಗೆ ವಿವರಣೆ: ಬ್ರಿಟಿಷ್ ಕಾಲದ ಸರ್ಕಾರಿ ಸಿಪಾಯಿಯ ಬಿಲ್ಲೆ, ಅಪರೂಪದ್ದು, ಒಳ್ಳೇ ಸ್ಥಿತಿಯಲ್ಲಿದೆ. ಸವಾಲು ಶುರು 4,500 ರೂಪಾಯಿಯಿಂದ. ಉಳಿದ ಸಮಯ ಎರಡು ದಿನ.

ಹುಡುಗ ಕೇಳಿದ್ದು ಒಂದೇ ಮಾತು. "ಅಣ್ಣಾ, ನೀವು ಭಾಷಣದಾಗ ಹೇಳ್ತಿರ್ತೀರಲ್ಲ, ನಿಮ್ಮ ಮುತ್ಯಾನ ಬಿಲ್ಲೆ, ಇಂಥದ್ದೇ ಏನ್ರಿ?"

ಇಂಥದ್ದೇ. ಇದೇ ಅಂತ ಹೇಳಲಾರೆ, ಆದರೆ ಇಂಥದ್ದೇ.

ನಮ್ಮ ಮುತ್ಯಾ ಬಬಲೇಶ್ವರ ಕಡೆಯ ಒಂದು ಹಳ್ಳಿಯಲ್ಲಿ ವತನದ ಹೊಲೆಯ. ಈ ಪದ ಈಗಿನ ಹುಡುಗರಿಗೆ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ. ವಿಜಾಪುರ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮಹಾರಾಷ್ಟ್ರದ ಮಹಾರರಿಗೆ ಇದ್ದಂಥ ವತನವೇ ಇಲ್ಲಿನ ಹೊಲೇರಿಗೂ ಇತ್ತು. ಸ್ವಲ್ಪ ಹೊಲ, ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಕಾಳು. ಬದಲಿಗೆ ಹಗಲು ರಾತ್ರಿ ಊರ ಕೆಲಸ. ಗೌಡ, ಕುಲಕರ್ಣಿ ಕರೆದಾಗ ಓಡಬೇಕು. ಕಂದಾಯದ ಹಣ ತಾಲೂಕು ಕಚೇರಿಗೆ ಹೊತ್ತೊಯ್ಯಬೇಕು. ಸಾಹೇಬರು ಬಂದರೆ ಅವರ ಸಾಮಾನು ಹೊರಬೇಕು. ಸೀಮೆ ತಕರಾರು ಬಂದರೆ ಕಲ್ಲು ಎಲ್ಲಿತ್ತು ಅಂತ ತೋರಿಸಬೇಕು. ಸತ್ತ ದನ ಎಳೀಬೇಕು. ಒಬ್ಬನಿಗೆ ಜ್ವರ ಬಂದರೆ ಮನೆಯ ಇನ್ನೊಬ್ಬ ಹೋಗಬೇಕು. ವತನ ಅಂದರೆ ಮನುಷ್ಯನ ನೌಕರಿ ಆಗಿರಲಿಲ್ಲ, ಮನೆತನದ ಜೀತ ಆಗಿತ್ತು.

ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನ ಪರಿಷತ್ತಿನಲ್ಲಿ ಇದರ ವಿರುದ್ಧ ಮಸೂದೆ ಮಂಡಿಸಿದ್ದರು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ತರಬೇಕು, ಈ ಜನರನ್ನು ಬಿಡುಗಡೆ ಮಾಡಬೇಕು ಅನ್ನೋದು ಅವರ ವಾದ. ಅದು ಆಗ ಪಾಸಾಗಲಿಲ್ಲ. ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದು ವತನ ಕಾಗದದ ಮೇಲೆ ಮುಗೀತು. ಕಾಗದದ ಮೇಲೆ ಅಂತ ಯಾಕೆ ಅಂತೀನಿ ಅಂದರೆ, ನಮ್ಮ ಮುತ್ಯಾ ಅದರ ಎಷ್ಟೋ ವರ್ಷದ ನಂತರವೂ ಓಡ್ತಾನೇ ಇದ್ದ.

ಕಚೇರಿಗೆ ಹೋಗುವಾಗ ಮುತ್ಯಾ ಎದೆ ಮೇಲೆ ಅಡ್ಡ ಪಟ್ಟಿ ಹಾಕಿ ಆ ಬಿಲ್ಲೆ ಸಿಗಿಸ್ತಿದ್ದ. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಬಿಲ್ಲೆ ಎದೆ ಮೇಲಿದ್ದಾಗ ದಾರಿಯಲ್ಲಿ ಯಾರೂ ತಡೀತಿರಲಿಲ್ಲ ಅಂತ ನಮ್ಮಪ್ಪ ಹೇಳ್ತಿದ್ದ. ಬಿಚ್ಚಿಟ್ಟರೆ ಮತ್ತೆ ಮುಟ್ಟಿಸಿಕೊಳ್ಳದವನು. ಇಡೀ ಊರಿನಲ್ಲಿ ಸರ್ಕಾರದ ಗುರುತು ಎದೆ ಮೇಲೆ ಹೊತ್ತವನು ನೀರಿಗಾಗಿ ಬಾವಿ ಕಟ್ಟೆ ಕೆಳಗೆ ಕೈ ಒಡ್ಡಿ ನಿಲ್ಲುತ್ತಿದ್ದ.

ಮುತ್ಯಾ ಸತ್ತ ಮೇಲೆ, ನಾನು ಸಣ್ಣವನಿದ್ದಾಗ, ಹಳೇ ತಾಮ್ರ ಹಿತ್ತಾಳೆ ತಗೊಂಡು ಹೊಸ ಸ್ಟೀಲ್ ಪಾತ್ರೆ ಕೊಡುವವನು ಕೇರಿಗೆ ಬಂದಿದ್ದ. ನಮ್ಮ ಆಯಿ ಒಂದು ತಂಬಿಗೆ, ಒಂದು ಒಡಕು ಹಂಡೆ, ಅದರ ಜೊತೆಗೆ ಈ ಬಿಲ್ಲೆ ತಕ್ಕಡಿಗೆ ಹಾಕಿದಳು. ಬಂದದ್ದು ಒಂದು ಸ್ಟೀಲ್ ಕೊಡ. ದೊಡ್ಡವನಾದ ಮೇಲೆ, ಚಳವಳಿಗೆ ಬಂದ ಮೇಲೆ, ನಾನು ಆಯಿಗೆ ಸಿಟ್ಟಿನಿಂದ ಕೇಳಿದ್ದೆ, ಯಾಕೆ ಕೊಟ್ಟೆ ಅಂತ. ಆಕೆ ಹೇಳಿದ್ದು ಇವತ್ತಿಗೂ ಕಿವ್ಯಾಗ ಐತಿ: "ಅದು ಮನ್ಯಾಗ ಇರೂತನಕ ಕರೆ ಬರ್ತದೋ ಮಗನ. ಹೋಗ್ಲಿ ಅಂತ ಕೊಟ್ಟೆ."

ಆಯಿ ಮೋಸ ಹೋಗಿರಲಿಲ್ಲ. ಆಕೆಗೆ ಆ ಬಿಲ್ಲೆಯ ಬೆಲೆ ಸರಿಯಾಗಿ ಗೊತ್ತಿತ್ತು. ಅದರ ಬೆಲೆ ಗೊತ್ತಿಲ್ಲದವರು 4,500ರಿಂದ ಸವಾಲು ಶುರು ಮಾಡಿದವರು.

*

ಹರಾಜಿಗೆ ನಮ್ಮ ಕಡೆ ಲಿಲಾವು ಅಂತಾರೆ, ಸವಾಲು ಅಂತಾರೆ. ವಿಜಯಪುರದಾಗ ಒಣದ್ರಾಕ್ಷಿ ಸವಾಲಾಗ್ತದ. ಜಾತ್ರ್ಯಾಗ ದೇವರ ತೆಂಗಿನಕಾಯಿ ಸವಾಲಾಗ್ತದ. ಅಲ್ಲಿ ನಮ್ಮವರು ದೂರ ನಿಂತು ಕೇಳಬೇಕು, ಬಾಯಿ ತೆರೆದು ಕೂಗಬಾರದು ಅನ್ನೋ ಊರು ನಾನು ಕಂಡೀನಿ. ಆದರೆ ಈ ಊರಿನಲ್ಲಿ ನಡೆದ ಒಂದು ಹಳೇ ಲಿಲಾವಿನ ಕತೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಶೇರ್ಜಾ ಬುರುಜಿನ ಮೇಲಿನ ಮುಲ್ಕಮೈದಾನ ತೋಪು, ಪುಸ್ತಕದಲ್ಲಿ ಮಲಿಕ್-ಎ-ಮೈದಾನ್, ಎಲ್ಲರೂ ನೋಡೀರಿ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ಎರಕ ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹಸನ್ ರೂಮಿ. ಐವತ್ತೈದು ಟನ್ ಭಾರ. ಬಾಯಿ ಸಿಂಹದ್ದು, ಹಲ್ಲಿನ ನಡುವೆ ಆನೆ. ಬ್ರಿಟಿಷರು ಇದನ್ನು ಇಂಗ್ಲೆಂಡಿನ ರಾಜನಿಗೆ ಕಾಣಿಕೆ ಕಳಿಸಬೇಕು ಅಂತ ಒಮ್ಮೆ ಯೋಚನೆ ಮಾಡಿದ್ದರು. ಸಮುದ್ರದ ತನಕ ಎಳೆದೊಯ್ಯುವಂಥ ರಸ್ತೆ ಇಲ್ಲ ಅಂತ ಬಿಟ್ಟರು. ಆಮೇಲೆ 1854ರಲ್ಲಿ ಸಾತಾರದ ಕಮಿಷನರ್ ಕಡೆಯಿಂದ ವಿಜಾಪುರದ ಅಧಿಕಾರಿಗೆ ಆದೇಶ ಬಂತು: ಬಳಕೆ ಇಲ್ಲದ ಸರ್ಕಾರಿ ಸಾಮಾನೆಲ್ಲ ಲಿಲಾವು ಮಾಡಿ. ಆ ಪಟ್ಟಿಯೊಳಗೆ ಈ ತೋಪೂ ಬಂತು. ಎಲ್ಲಕ್ಕಿಂತ ಹೆಚ್ಚಿನ ಸವಾಲು ಎಷ್ಟು ಗೊತ್ತೇನ್ರಿ? ನೂರೈವತ್ತು ರೂಪಾಯಿ.

ಮಾರಾಟ ಯಾಕೆ ಆಗಲಿಲ್ಲ? ಇಷ್ಟು ದೊಡ್ಡ ಲೋಹಕ್ಕೆ ಈ ಬೆಲೆ ತೀರಾ ಕಮ್ಮಿ ಆಯ್ತು, ಅದರ ಮೇಲೆ ಜನಕ್ಕೆ ಈ ತೋಪಿನ ಮೇಲೆ ಭಕ್ತಿ ಇದೆ ಅಂತ ಇಲ್ಲಿನ ಮಾಮಲೇದಾರ ಬರೆದು ಕಳಿಸಿದ. ಲಿಲಾವು ರದ್ದಾಯ್ತು. ಅದಕ್ಕೇ ತೋಪು ಇವತ್ತಿಗೂ ಬುರುಜಿನ ಮೇಲಿದೆ. ಅದನ್ನು ಉಳಿಸಿದ್ದು ಕಾನೂನಲ್ಲ, ಆಗ ಅಂಥ ಕಾನೂನೇ ಇರಲಿಲ್ಲ. ಇದು ನಮ್ಮದು ಅಂತ ಕುಂಕುಮ ಹಚ್ಚಿ ಕೈ ಮುಗಿಯುವ ಜನ ಇದ್ದರು, ಅವರ ಮಾತು ಕಚೇರಿಯ ಕಾಗದದ ಮೇಲೆ ಏರಿತು.

ಅದೇ ಹೊತ್ತಿಗೆ, 1853ರಲ್ಲಿ, ಆಸಾರ್ ಮಹಲಿನ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳು ಲಂಡನ್ನಿಗೆ ಹೋದವು. ಅವುಗಳಿಗೆ ಕೈ ಮುಗಿಯುವವರು ಇರಲಿಲ್ಲ. ರಸ್ತೆ ಕೆಟ್ಟಿದ್ದರೂ ಪುಸ್ತಕ ಹೊತ್ತೊಯ್ಯಲು ಕಷ್ಟ ಇರಲಿಲ್ಲ. ಈಗ ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ನಮ್ಮ ಊರಿನ ಪುಸ್ತಕ ನೋಡಬೇಕಾದರೆ ನಾವು ವೀಸಾ ಮಾಡಿಸಬೇಕು.

ಆ 1854ರ ಲಿಲಾವಿಗೆ ಊರಲ್ಲಿ ಡಂಗುರ ಸಾರಿದವರು ಯಾರು? ಯಾವ ಗೆಜೆಟಿಯರಿನಲ್ಲೂ ಬರೆದಿದ್ದು ನಾನು ಓದಿಲ್ಲ. ಬರೆಯುವ ಗರಜು ಅವರಿಗಿರಲಿಲ್ಲ. ಡಂಗುರ ಯಾರ ಕೆಲಸ, ಹಲಗೆ ಯಾರ ಹೆಗಲ ಮೇಲಿತ್ತು ಅಂತ ನಮಗೆ ಬ್ಯಾರೆಯವರು ಹೇಳಬೇಕಾಗಿಲ್ಲ.

*

ಈಗ ದೊಡ್ಡ ಹರಾಜುಗಳ ಕಡೆ ಬರೋಣ. ಯಾಕಂದರೆ ನಮ್ಮ ಹುಡುಗರೂ ಅವುಗಳ ಸುದ್ದಿ ಹಂಚಿಕೊಂಡು "ಹೆಮ್ಮೆ" ಅಂತ ಬರೀತಾರೆ.

ಟಿಪ್ಪುವಿನ ಶಯನಗೃಹದಲ್ಲಿ ಸಿಕ್ಕ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯ್ತು. ನಮ್ಮ ಲೆಕ್ಕದಲ್ಲಿ 140 ಕೋಟಿ ದಾಟ್ತದ. ಶ್ರೀರಂಗಪಟ್ಟಣ ಬಿದ್ದ ಮೇಲೆ ಜನರಲ್ ಡೇವಿಡ್ ಬೇರ್ಡ್‌ಗೆ ಕೊಟ್ಟ ಖಡ್ಗ ಅದು. ಅದಕ್ಕಿಂತ ಇಪ್ಪತ್ತು ವರ್ಷ ಮೊದಲು ವಿಜಯ್ ಮಲ್ಯ ಟಿಪ್ಪುವಿನ ಖಡ್ಗವೊಂದನ್ನು ಲಂಡನ್ನಿನಲ್ಲೇ ಕೊಂಡಿದ್ದರು. ಕರ್ನಾಟಕದ ಮಾನ ಉಳಿಸಿದರು ಅಂತ ಆಗ ಹೊಗಳಿದ್ದೇ ಹೊಗಳಿದ್ದು. 2018ರಲ್ಲಿ ಲಂಡನ್ ಕೋರ್ಟಿನಲ್ಲಿ ಅವರ ಆಸ್ತಿ ಲೆಕ್ಕ ಬಂದಾಗ ಹೊರಬಿದ್ದದ್ದೇನು? ಆ ಖಡ್ಗ ಮನೆಗೆ ಅಪಶಕುನ ಅಂತ ಅವರು ಅದನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ನಾಡಿನ ಮಾನವನ್ನು ಒಬ್ಬ ಸಾಹುಕಾರನ ಕಪಾಟಿನಲ್ಲಿ ಇಟ್ಟರೆ ಆಗೋದು ಇಷ್ಟೇ.

ಅದೇ ಮಲ್ಯ 2009ರಲ್ಲಿ ನ್ಯೂಯಾರ್ಕಿನಲ್ಲಿ ಗಾಂಧಿಯ ಕನ್ನಡಕ, ಗಡಿಯಾರ, ಚಪ್ಪಲಿ, ತಟ್ಟೆ, ಬಟ್ಟಲು ಎಲ್ಲ ಸೇರಿಸಿ 18 ಲಕ್ಷ ಡಾಲರಿಗೆ ಕೊಂಡರು. 2020ರಲ್ಲಿ ಗಾಂಧಿಯದೇ ಇನ್ನೊಂದು ಕನ್ನಡಕವನ್ನು ಯಾರೋ ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರ ಹರಾಜು ಅಂಗಡಿಯ ಪತ್ರಪೆಟ್ಟಿಗೆಯಲ್ಲಿ ಲಕೋಟೆಯೊಳಗೆ ಹಾಕಿ ಹೋಗಿದ್ದರು. ಅದು 2 ಲಕ್ಷ 60 ಸಾವಿರ ಪೌಂಡಿಗೆ ಹೋಯ್ತು. ಕನ್ನಡಕ ಅದೇ. ಲಕೋಟೆಯಲ್ಲಿದ್ದಾಗ ಬೆಲೆ ಇಲ್ಲ, ಗಾಂಧಿಯ ಹೆಸರು ಹತ್ತಿದ ಕೂಡಲೇ ಎರಡೂವರೆ ಕೋಟಿ.

ಹರಾಜಿನ ಗುಟ್ಟು ಇದೇ. ಅಲ್ಲಿ ಮಾರಾಟ ಆಗೋದು ವಸ್ತುವಿಗಿಂತ ಹೆಚ್ಚಾಗಿ ಅದರ ಮೇಲಿನ ಹೆಸರು. ಯಾರಿಂದ ಯಾರಿಗೆ ಬಂತು, ಯಾರ ಮನೆಯಲ್ಲಿತ್ತು, ಯಾವ ಜನರಲ್ ಲೂಟಿ ಮಾಡಿದ, ಯಾವ ಮೊಮ್ಮಗ ಮಾರಿದ ಅನ್ನೋ ಸರಪಳಿ ಬರೆದಿಡ್ತಾರೆ. ಸರಪಳಿ ಉದ್ದ ಇದ್ದಷ್ಟೂ ಬೆಲೆ ಏರ್ತದ. ಗಮನಿಸಿ ನೋಡ್ರಿ, ಅದು ಮಾಲೀಕರ ಸರಪಳಿ. ಕಳ್ಳನ ಹೆಸರಿಗೂ ಬೆಲೆ ಐತಿ. ಚಪ್ಪಲಿ ಹೊಲಿದ ಸಮಗಾರನ ಹೆಸರಿಗೆ, ಭಾರ ಹೊತ್ತವನ ಹೆಸರಿಗೆ ಆ ಸರಪಳಿಯಲ್ಲಿ ಕೊಂಡಿ ಇಲ್ಲ.

ಇದು ಬರೀ ಹಳೇ ವಸ್ತುವಿನ ಮಾತಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕು ಜಿಲ್ಲೆ ಸೇರಿದವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ನಮ್ಮ ವಿಜಯಪುರ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿ ಚಪ್ಪಲಿ ಮಿಲಾನಿನ ವೇದಿಕೆ ಮೇಲೆ ನಡೆಸಿತು. ಎಲ್ಲಿಂದ ಬಂತು ಅನ್ನೋ ಮಾತೇ ಇರಲಿಲ್ಲ. ಗದ್ದಲ ಆದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದು ಹೌದು ಅಂತ ಒಪ್ಪಿಕೊಂಡರು. ಗದ್ದಲ ಮಾಡಿದ್ದಕ್ಕೇ ಒಪ್ಪಿದರು, ಇದು ನೆನಪಿಟ್ಟುಕೊಳ್ರಿ.

*

ಇನ್ನೊಂದು ಹರಾಜು ನೇರವಾಗಿ ನಮ್ಮದೇ. ಬುದ್ಧನದು.

1898ರಲ್ಲಿ ಉತ್ತರ ಪ್ರದೇಶದ ಪಿಪ್ರಹವಾದಲ್ಲಿ ವಿಲಿಯಂ ಪೆಪ್ಪೆ ಎಂಬ ಬ್ರಿಟಿಷ್ ಜಮೀನ್ದಾರ ತನ್ನ ಎಸ್ಟೇಟಿನ ಸ್ತೂಪ ಅಗೆಸಿದ. ಅಗೆದವರು ಯಾರು ಅಂತ ಮತ್ತೆ ಕೇಳಬ್ಯಾಡ್ರಿ. ಕಲ್ಲಿನ ಪೆಟ್ಟಿಗೆಯೊಳಗೆ ಕರಂಡಕಗಳು, ಅಸ್ಥಿ, ಸಾವಿರಾರು ಹರಳು, ಬಂಗಾರದ ತಗಡು ಸಿಕ್ಕವು. ಒಂದು ಕರಂಡಕದ ಮೇಲೆ ಬ್ರಾಹ್ಮೀ ಅಕ್ಷರದಲ್ಲಿ ಶಾಕ್ಯರ ಬುದ್ಧನ ಅವಶೇಷ ಎಂದು ಬರೆದಿತ್ತು. ಅಸ್ಥಿಯನ್ನು ಸಯಾಮಿನ ರಾಜನಿಗೆ ಕೊಟ್ಟರು. ಹರಳುಗಳಲ್ಲಿ ಹೆಚ್ಚಿನವು ಕೋಲ್ಕತ್ತದ ಮ್ಯೂಸಿಯಮ್ಮಿಗೆ ಹೋದವು. ಒಂದು ಪಾಲನ್ನು ಪೆಪ್ಪೆ ಮನೆತನಕ್ಕೆ ಇಟ್ಟುಕೊಳ್ಳಲು ಸರ್ಕಾರ ಬಿಟ್ಟಿತು. ಆ ಪಾಲನ್ನೇ 2025ರ ಮೇ 7ರಂದು ಸದಬೀಸ್ ಸಂಸ್ಥೆ ಹಾಂಗ್‌ಕಾಂಗಿನಲ್ಲಿ ಹರಾಜಿಗೆ ಇಟ್ಟಿತ್ತು. ಅಂದಾಜು ನೂರು ಕೋಟಿ ರೂಪಾಯಿ.

ಜಗತ್ತಿನ ಬೌದ್ಧರು ಎದ್ದರು. ಅಸ್ಥಿಯ ಜೊತೆ ಇಟ್ಟ ಹರಳೂ ಪೂಜೆಯ ವಸ್ತು, ಮಾರುವ ಒಡವೆ ಅಲ್ಲ ಅಂತ ವಿದ್ವಾಂಸರು, ಭಿಕ್ಷುಗಳು ಬರೆದರು. ಭಾರತ ಸರ್ಕಾರ ಲೀಗಲ್ ನೋಟಿಸ್ ಕೊಟ್ಟಿತು. ಹರಾಜು ನಿಂತಿತು. ಜುಲೈ ಕೊನೆಗೆ ಹರಳುಗಳು ಭಾರತಕ್ಕೆ ಬಂದವು. ಗೋದ್ರೇಜ್ ಉದ್ಯಮ ಮನೆತನ ಕೊಂಡಿದ್ದರಿಂದ ಬಂದವು.

ಬಂದದ್ದು ಸಂತೋಷ. ನಾನು ಅವತ್ತು ವಿಹಾರದಲ್ಲಿ ದೀಪ ಹಚ್ಚಿದೆ. ಆದರೂ ಎರಡು ಮಾತು ಗಂಟಲಲ್ಲಿ ಸಿಕ್ಕೊಂಡಾವ.

ಒಂದು, ಕೊನೆಗೂ ಬುದ್ಧನಿಗೆ ಬೆಲೆ ಕಟ್ಟಿಯೇ ತರಬೇಕಾಯ್ತು. ಹೊತ್ತೊಯ್ದವರ ಮನೆತನಕ್ಕೆ ದುಡ್ಡು ಸಿಕ್ಕಿತು. ನಾಳೆ ಇನ್ನೊಬ್ಬನಿಗೆ ಇದರಿಂದ ಏನು ಪಾಠ ಸಿಕ್ಕಂಗಾಯ್ತು? ಹರಾಜಿಗೆ ಇಡು, ಗದ್ದಲ ಆದರೆ ಸಾಹುಕಾರ ಬಂದು ಕೊಳ್ತಾನೆ.

ಎರಡು, ನಾವು ಎಲ್ಲಿದ್ದಿವಿ? 1956ರಲ್ಲಿ ಬಾಬಾಸಾಹೇಬರ ಜೊತೆ ಧಮ್ಮಕ್ಕೆ ಹೋದ ಜನ ಅಂತ ಹೇಳಿಕೊಳ್ಳುವ ನಮ್ಮ ಗ್ರೂಪುಗಳಲ್ಲಿ ಆ ವಾರ ಎಷ್ಟು ಪೋಸ್ಟ್ ಬಂದವು? ನಾನು ಒಂದು ಹಂಚಿಕೊಂಡೆ, ಅಷ್ಟೇ. ನನ್ನನ್ನೂ ಸೇರಿಸಿ ಬೈತಾ ಇದೀನಿ. ಹಾಂಗ್‌ಕಾಂಗ್ ದೂರ ಅಂತೀರಿ. ಸನ್ನತಿ ಎಷ್ಟು ದೂರ? ಪಕ್ಕದ ಕಲಬುರಗಿ ಜಿಲ್ಲೆ. ಅಲ್ಲೇ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ, ಅಶೋಕನದೇ ಚಿತ್ರ ಇರುವ ಕಲ್ಲು ಸಿಕ್ಕಿತು. ಅಗೆದು ತೆಗೆದ ಆ ಶಿಲ್ಪಗಳು ವರ್ಷಗಟ್ಟಲೆ ತಗಡಿನ ಶೆಡ್ಡಿನ ಕೆಳಗೆ ಬಿದ್ದಿದ್ದವು. ನಮ್ಮಲ್ಲಿ ಎಷ್ಟು ಜನ ಹೋಗಿ ನೋಡೀವಿ?

*

ಈಗ ನಮ್ಮೊಳಗಿನ ಜಗಳಕ್ಕೆ ಬರ್ತೀನಿ. ಬಿಲ್ಲೆಯ ಫೋಟೊ ನಮ್ಮ ಗ್ರೂಪಿನಲ್ಲಿ ಹಾಕಿದಾಗ ಎರಡು ವಾದ ಬಂದವು. ಎರಡೂ ಗೌರವದ ವಾದ.

ಮೊದಲನೆಯದು ಹಿರಿಯರದು. "ಗುಲಾಮಗಿರಿಯ ಗುರುತು ಯಾಕ್ ಇಟ್ಕೋಬೇಕು? ಹಲಗೆ ಬಾರ್ಸೂದಿಲ್ಲ, ಸತ್ತ ದನ ಎಳ್ಯೂದಿಲ್ಲ ಅಂತ ಹೊಡತಾ ತಿಂದು ಬಿಟ್ಟೀವಿ. ಈಗ ನೀ ಅದನ್ನ ಗಾಜಿನ ಪೆಟಿಗ್ಯಾಗ ಇಡಂತಿ." ಈ ಮಾತಿಗೆ ನಾನು ತಲೆ ಬಾಗ್ತೀನಿ. ಎಪ್ಪತ್ತು ಎಂಬತ್ತರ ದಶಕದಲ್ಲಿ ಹಲಗೆ ಕೆಳಗಿಟ್ಟದ್ದಕ್ಕೆ ಬಹಿಷ್ಕಾರ ಉಂಡ ಕೇರಿಗಳು ನಮ್ಮವು. ನಮ್ಮ ಆಯಿ ಹೇಳಿದ್ದೂ ಇದನ್ನೇ.

ಆದರೆ ಒಂದು ಲೆಕ್ಕ ಹಾಕಿ ನೋಡ್ರಿ. ನಾವು ಎಸೆದದ್ದು ಇಲ್ಲವಾಗಲಿಲ್ಲ, ಬೇರೆಯವರ ಕೈಗೆ ಹೋಯ್ತು. ಅವರ ಕೈಯಲ್ಲಿ ಅದರ ಅರ್ಥ ಬದಲಾಯ್ತು. ನಮ್ಮ ಮನೆಯಲ್ಲಿದ್ದಾಗ ಅದು ಜೀತದ ಗುರುತು. ಹರಾಜಿನ ಪುಟದ ಮೇಲೆ ಅದು "ಸರ್ಕಾರಿ ಸಿಪಾಯಿಯ ಬಿಲ್ಲೆ". ಹೊಲೆಯ ಅನ್ನೋ ಪದವೂ ಇಲ್ಲ, ವತನ ಅನ್ನೋ ಪದವೂ ಇಲ್ಲ. ಯಾವನೋ ಮುಂಬೈ ಫ್ಲ್ಯಾಟಿನಲ್ಲಿ ಬ್ರಿಟಿಷ್ ಕಾಲದ ಸೊಬಗು ಅಂತ ಗೋಡೆಗೆ ನೇತು ಹಾಕ್ತಾನೆ. ನಾಡಿನ ಬೇರೆ ಕಡೆ ಛಲವಾದಿಯ ಗಂಟೆ-ಬಟ್ಟಲಿನ ಗತಿಯೂ ಇದೇ. ಊರ ಮೆರವಣಿಗೆ ಮುಂದೆ ನಮ್ಮವನು ಹಿಡಿದು ನಡೀತಿದ್ದದ್ದು, ಹಳೇ ಸಾಮಾನಿನ ಅಂಗಡಿಯಲ್ಲಿ ಬರೀ ಹಿತ್ತಾಳೆ ಕುಸುರಿ. ನಾವು ಎಸೆದಾಗ ಅಪರಾಧದ ಸಾಕ್ಷಿಯನ್ನೂ ಎಸೆದಂಗಾಯ್ತು. ನಾಳೆ "ಅಸ್ಪೃಶ್ಯತೆ ಎಲ್ಲಿತ್ತು, ತೋರಿಸು" ಅಂತ ಕೇಳಿದರೆ ಏನು ತೋರಿಸ್ತೀರಿ?

ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಮ್ಯೂಸಿಯಂ ಐತಿ. ಸುಲ್ತಾನರ ಆಯುಧ, ಆಸಾರ್ ಮಹಲಿನ ರತ್ನಗಂಬಳಿ, ಚೀನಾ ಪಿಂಗಾಣಿ, ಶಾಸನ ಎಲ್ಲ ಅಲ್ಲಿವೆ. ಮಕ್ಕಳನ್ನು ಕರಕೊಂಡು ಮೂರು ಸಲ ಹೋಗೀನಿ. ಗುಮ್ಮಟಕ್ಕೆ ಕಲ್ಲು ಹೊತ್ತವರ ಒಂದು ಸಿಂಬೆಯೂ ನನಗೆ ಕಂಡಿಲ್ಲ. ನಾವು ಇಡಲಿಲ್ಲ, ಅವರು ಕೇಳಲಿಲ್ಲ.

ಎರಡನೆಯ ವಾದ ಹುಡುಗರದು. "ಅಣ್ಣಾ, ಬಡವರ ಮನ್ಯಾಗ ಹಳೇದೇನರ ಇದ್ದು ಐದು ಸಾವಿರ ಬಂದ್ರ ಮಾರ್ಲಿ ಬಿಡ್ರಿ. ನಿಮಗೇನು ತೊಂದ್ರೆ?" ಇದೂ ಸರಿ. ಹಸಿದವನ ಮುಂದೆ ನಾನು ಇತಿಹಾಸದ ಭಾಷಣ ಮಾಡಲಾರೆ. ಆದರೆ ಐದು ಸಾವಿರ ಮನೆಯವರಿಗೆ ಬರೋದಿಲ್ಲ ತಮ್ಮಾ. ಮನೆಯವರಿಗೆ ಬರೋದು ತೂಕದ ಬೆಲೆ. ಐದು ಸಾವಿರ ಬರೋದು ಮೂರನೇ ಕೈಗೆ, ನಾಲ್ಕನೇ ಕೈಗೆ. ಆ ಬಿಲ್ಲೆ ಮಾರುತ್ತಿದ್ದವರಿಗೆ ನಾನೇ ಸಂದೇಶ ಹಾಕಿ ಕೇಳಿದೆ, ಇದು ಎಲ್ಲಿಂದ ಬಂತು ಅಂತ. ಉತ್ತರ ಬಂತು: ಗುಜರಿಯಲ್ಲಿ ಕಿಲೋ ಲೆಕ್ಕದ ಹಿತ್ತಾಳೆ ಜೊತೆ ಬಂತು. ಯಾವ ಊರು ಗೊತ್ತಿಲ್ಲ.

ಕಾನೂನು ಇದೆಯಲ್ಲ ಅಂತ ಕೇಳಬಹುದು. ಪ್ರಾಚ್ಯವಸ್ತು ಕಾಯ್ದೆ 1972ರದು. ನೂರು ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಅದರ ವ್ಯಾಪ್ತಿಗೆ ಬರ್ತಾವ. ಅಂಥವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂಗಿಲ್ಲ, ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಆದರೆ ಆ ಕಾಯ್ದೆ ವಯಸ್ಸು ಕೇಳ್ತದೆ, ಬೆವರು ಕೇಳೋದಿಲ್ಲ. ನಮ್ಮ ಮುತ್ಯಾ 1940ರಲ್ಲಿ ಹಾಕಿಕೊಂಡ ಬಿಲ್ಲೆ ಅದಕ್ಕೆ ಪ್ರಾಚ್ಯವಸ್ತುವೇ ಅಲ್ಲ. ನೂರು ವರ್ಷ ತುಂಬುವುದರೊಳಗೆ ಅದು ಕರಗಿ ನಲ್ಲಿ ಆಗಿರ್ತದ.

*

ಈಗ ಮುಖ್ಯ ಮಾತು. ಇದಕ್ಕಾಗಿಯೇ ಇಷ್ಟು ಬರೆದದ್ದು.

ಬಿಲ್ಲೆ ಹೋದರೆ ನೆನಪು ಹೋಯ್ತು. ಕಾಗದ ಹೋದರೆ ಹೊಲ ಹೋಗ್ತದ.

ಹಳೇ ಸಾಮಾನು ಕೇಳಿಕೊಂಡು ಹಳ್ಳಿಗೆ ಬರುವವರು ಈಗ ಬರೀ ತಾಮ್ರ ಹಿತ್ತಾಳೆ ಕೇಳ್ತಿಲ್ಲ. ಹಳೇ ಸ್ಟಾಂಪ್ ಪೇಪರ್ ಐತೇನು, ರಾಜನ ಮುಖ ಇರೋ ಕಾಗದ ಐತೇನು ಅಂತ ಕೇಳ್ತಿದಾರೆ. ಕೋರ್ಟ್ ಫೀ ಸ್ಟಾಂಪು, ಛಾಪಾ ಕಾಗದ ಸಂಗ್ರಹ ಮಾಡುವ ದೊಡ್ಡ ಲೋಕವೇ ಇದೆ, ಅವಕ್ಕೂ ಹರಾಜು ನಡೀತದ. ಕೊಳ್ಳುವವನಿಗೆ ಬೇಕಾದ್ದು ಮೇಲಿನ ಛಾಪು. ಕೆಳಗೆ ಮೋಡಿ ಅಕ್ಷರದಲ್ಲಿ ಬರೆದದ್ದು ಅವನಿಗೆ ಗೊತ್ತಾಗೋದಿಲ್ಲ. ನಮಗೂ ಓದಲು ಬರೋದಿಲ್ಲ, ಅದಕ್ಕೇ ರದ್ದಿ ಅಂತ ಕೊಟ್ಟುಬಿಡ್ತೀವಿ. ಆ ಮೋಡಿಯೊಳಗೆ ನಿಮ್ಮ ಮುತ್ಯಾನ ವತನದ ಹೊಲದ ಗಡಿ ಬರೆದಿರಬಹುದು.

ಯಾಕೆ ಈಗ ಇದು ಅರ್ಜೆಂಟು ಅಂದರೆ, ತಿಕೋಟಾ ಬಬಲೇಶ್ವರದ ಒಣ ಭೂಮಿ ಈಗ ಒಣ ಭೂಮಿಯಾಗಿ ಉಳಿದಿಲ್ಲ. ದ್ರಾಕ್ಷಿ ಬಂತು. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಬಂತು. ಯಾರಿಗೂ ಬೇಡವಾಗಿದ್ದ ಊರ ಹೊರಗಿನ ಕಲ್ಲು ಹೊಲಕ್ಕೆ ಈಗ ಲಕ್ಷದ ಲೆಕ್ಕ. ನಮ್ಮವರ ವತನದ ಹೊಲ ಇದ್ದದ್ದೇ ಅಂಥ ಕಡೆ. 1961ರ ಕಾಯ್ದೆ ಪ್ರಕಾರ ವತನದ ಹೊಲವನ್ನು ಸರ್ಕಾರ ವಶಕ್ಕೆ ತಗೊಂಡು, ನಿಗದಿ ಹಣ ಕಟ್ಟಿಸಿಕೊಂಡು, ಅದೇ ಮನೆತನಕ್ಕೆ ಮರುಮಂಜೂರು ಮಾಡಬೇಕಿತ್ತು. ಎಷ್ಟೋ ಮನೆಯವರು ಹಣ ಕಟ್ಟಲಿಲ್ಲ, ಎಷ್ಟೋ ಜನಕ್ಕೆ ಅರ್ಜಿ ಹಾಕಬೇಕು ಅಂತಲೇ ಗೊತ್ತಿರಲಿಲ್ಲ.

ಇನ್ನೊಂದು, ನಮ್ಮ ಕಾರ್ಯಕರ್ತರೇ ಗೊಂದಲ ಮಾಡ್ಕೋತಾರ. ಎಲ್ಲಾದಕ್ಕೂ ಪಿಟಿಸಿಎಲ್ ಕೇಸ್ ಹಾಕೋಣ ಅಂತಾರ. 1978ರ ಪಿಟಿಸಿಎಲ್ ಕಾಯ್ದೆ ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಭೂಮಿಗೆ. 2023ರ ತಿದ್ದುಪಡಿ ಬಂದ ಮೇಲೆ ಅರ್ಜಿಗೆ ಕಾಲಮಿತಿ ಇಲ್ಲ ಅಂತಲೂ ಆಯ್ತು. ಆದರೆ ವಂಶಪಾರಂಪರ್ಯ ಹುದ್ದೆಯ ಭೂಮಿಯನ್ನು ಆ ಕಾಯ್ದೆಯ ವ್ಯಾಖ್ಯೆಯಲ್ಲೇ ಹೊರಗಿಟ್ಟಾರ. ವತನದ ಹೊಲದ ದಾರಿ ಬೇರೆ, ಮಂಜೂರಾದ ಹೊಲದ ದಾರಿ ಬೇರೆ. ನಿಮ್ಮದು ಯಾವುದು ಅಂತ ವಕೀಲರಿಗೆ ಹೇಳುವುದು ಹಳೇ ಸನದು, ಹಳೇ ಪಾವತಿ, ಹಳೇ ಉತಾರ. ಅದನ್ನು ಇನ್ನೂರು ರೂಪಾಯಿಗೆ ಮಾರಿದರೆ ಎರಡು ಎಕರೆ ದ್ರಾಕ್ಷಿ ತೋಟ ಮಾರಿದಂಗ.

ನಾಗಪುರದ ಹತ್ತಿರ ಚಿಚೋಲಿಯ ಶಾಂತಿವನದಲ್ಲಿ ಬಾಬಾಸಾಹೇಬರ ಕೋಟು, ಟೈಪ್‌ರೈಟರ್ ಇಟ್ಟಿದಾರೆ. ಅವು ಯಾವ ಹರಾಜಿನಲ್ಲೂ ಕೊಂಡವಲ್ಲ. ಬಾಬಾಸಾಹೇಬರ ಜನ ಇಟ್ಟುಕೊಂಡು ಕಾಪಾಡಿದವು. ನಾವು ಕೋಟಿ ಕೊಟ್ಟು ಕೊಳ್ಳುವ ಜನ ಅಲ್ಲ. ಮಾರದೆ ಇಟ್ಟುಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.

ಅದಕ್ಕೇ ಕೇಳ್ತಿರೋದು:

ಮನೆಯಲ್ಲಿ ಬಿಲ್ಲೆ, ಗೆಜ್ಜೆ ಕೋಲು, ಹಲಗೆ, ಚರ್ಮದ ಮಿಣಿ, ಹಳೇ ಚಪ್ಪಲಿ ಅಚ್ಚು, ಚಳವಳಿಯ ಕರಪತ್ರ ಏನೇ ಇದ್ದರೂ ತಕ್ಕಡಿಗೆ ಹಾಕಬ್ಯಾಡ್ರಿ. ಮೊದಲು ಫೋಟೊ ತೆಗೀರಿ. ಯಾರು ಬಳಸಿದ್ದು, ಯಾವ ಊರು, ಯಾವ ಕೆಲಸಕ್ಕೆ ಅಂತ ಹಿರಿಯರ ಬಾಯಿಂದಲೇ ಫೋನಿನಲ್ಲಿ ರೆಕಾರ್ಡ್ ಮಾಡ್ರಿ. ಹರಾಜಿನವರು ಮಾಲೀಕರ ಸರಪಳಿ ಬರೀತಾರೆ, ನಾವು ದುಡಿದವರ ಸರಪಳಿ ಬರೆಯೋಣ.

ಹಳೇ ಕಾಗದ ಇದ್ದರೆ ಅಸಲು ಯಾರಿಗೂ ಕೊಡಬ್ಯಾಡ್ರಿ. ನನಗೂ ಕೊಡಬ್ಯಾಡ್ರಿ. ನಿಮ್ಮ ಎದುರಿಗೇ ಸ್ಕ್ಯಾನ್ ಮಾಡ್ತೀವಿ. ಮೋಡಿ ಓದುವವರನ್ನು ಹುಡುಕಿ ಓದಿಸುವುದು ನಮ್ಮ ಜವಾಬ್ದಾರಿ.

ಕೊನೆಗೆ ಬಿಲ್ಲೆ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ಎರಡು ದಿನದಲ್ಲಿ ನಮ್ಮ ಹುಡುಗರು ನೂರು ಇನ್ನೂರು ಕೂಡಿಸಿ 6,300 ರೂಪಾಯಿ ಮಾಡಿದರು. ದ್ರಾಕ್ಷಿ ತೋಟಕ್ಕೆ ಕೂಲಿ ಹೋಗುವ ಹೆಣ್ಣುಮಗಳೊಬ್ಬಳು ಒಂದು ದಿನದ ಪಗಾರ ಕೊಟ್ಟಳು. ಕೊನೆಯ ರಾತ್ರಿ ತಿಕೋಟಾದ ಹುಡುಗನ ಫೋನಿನ ಸುತ್ತ ಐದು ಮಂದಿ ಕೂತು ಸವಾಲು ಹಾಕಿದೆವು. ಆರು ಸಾವಿರದ ತನಕ ನಾವೇ ಮುಂದಿದ್ದೆವು. ಕೊನೆಯ ಎರಡು ನಿಮಿಷದಲ್ಲಿ ಯಾರೋ 9,800ಕ್ಕೆ ಒಯ್ದರು. ಯಾರು ಅಂತ ಹೆಸರೂ ಕಾಣೋದಿಲ್ಲ.

ಹುಡುಗರು ಬೇಜಾರಾದರು. ನಾನು ಹೇಳಿದೆ, ಹೋಗ್ಲಿ ಬಿಡ್ರಿ, ಆಯಿ ಒಮ್ಮೆ ಕೊಟ್ಟದ್ದನ್ನು ನಾವು ದುಡ್ಡು ಕೊಟ್ಟು ತರುವುದು ಆಕೆಗೂ ಸೇರ್ತಿರಲಿಲ್ಲ. ಆ 6,300 ಹಾಗೇ ಇದೆ. ಅದರಲ್ಲಿ ಒಂದು ಸಣ್ಣ ಸ್ಕ್ಯಾನರ್ ತಗೊಂಡೀವಿ, ಕಮ್ಮಿ ಬಿದ್ದದ್ದನ್ನು ಒಬ್ಬ ಮಾಸ್ತರರು ಹಾಕಿದರು.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತಿಕೋಟಾ ಕೇರಿಯ ಸಮುದಾಯ ಭವನದಲ್ಲಿ ಕೂಡ್ತೀವಿ. ಅದರ ಮುಂದಿನ ಭಾನುವಾರ ಬಬಲೇಶ್ವರ. ಆಮೇಲೆ ವಿಜಯಪುರ. ಅಟ್ಟದ ಮೇಲಿನ ಟ್ರಂಕು ಇಳಿಸ್ರಿ, ಬಟ್ಟೆ ಗಂಟು ಬಿಚ್ಚಿ ನೋಡ್ರಿ, ಕಾಗದ ತಗೊಂಡು ಬರ್ರಿ. ಹಿರಿಯರನ್ನೂ ಕರಕೊಂಡು ಬರ್ರಿ, ಯಾಕಂದ್ರ ಕಾಗದದಾಗ ಇಲ್ಲದ್ದು ಅವರ ಬಾಯಾಗ ಐತಿ.

ಗುಜರಿಯವನು ಸೋಮವಾರ ಬರ್ತಾನಂತೆ. ನಾವು ಭಾನುವಾರವೇ ಬರ್ತೀವಿ.

ಜೈ ಭೀಮ್.